ಅಂಚಿಗಿಟ್ಟ ಒಂದು ಹಿಡಿ ಸಿಗಡಿ

ಕತ್ತಿಯ ಬೆನ್ನಿನಿಂದ ಹೊಡೆದರೆ ಮೂಳೆ ಮುರಿಯುತ್ತದೆ, ರಕ್ತ ಬರುವುದಿಲ್ಲ. ಬಾಯಿಯಿಂದ ಹೊಡೆದರೆ ಕೈಯೇ ಕೆಳಗೆ ಬೀಳುತ್ತದೆ. ನಾನು ಬೆನ್ನಿನಿಂದ ಹೊಡೆದೆ. ಆ ಗಲಾಟೆಯಲ್ಲಿ ಕತ್ತಿ ತಿರುಗಿಸಿ ಹಿಡಿಯುವಷ್ಟು ಬುದ್ಧಿ ನನಗಿತ್ತು. ಜೀವಮಾನವೆಲ್ಲ ಕತ್ತಿ ಮಾರಿದವಳಿಗೆ ಅಷ್ಟೂ ಇರದಿದ್ದರೆ ಹೇಗೆ? ಹೊಡೆದದ್ದು ಪುರಸಭೆಯವರು ಕೊರೋನಾ ಕಳೆದ ಮೇಲೆ ಕಟ್ಟಿಸಿದ ಹೊಸ ಸಂತೆಕಟ್ಟೆಯ ಮುಂದೆ, ಅದು ಶುರುವಾದ ದಿನವೇ.

ನನ್ನ ಗಂಡ ಕುಲುಮೆಯವನು. ಅವನು ಹೋದ ಮೇಲೆ ಮಗ ಬಡಿಯುತ್ತಾನೆ, ನಾನು ಸಂತೆಯಲ್ಲಿ ಮಾರುತ್ತೇನೆ. ಕುಡುಗೋಲು, ಗುದ್ದಲಿ, ಮರಗಸಿ ಮಾಡುವ ಕತ್ತಿ. ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವುದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತಾರೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಬರುತ್ತಾರೆ, ಎಡಕುಮೇರಿ ಕಡೆ ಹಳಿಯ ಪಕ್ಕದ ಪೊದೆ ಸವರುವ ರೈಲ್ವೆಯವರು ಬರುತ್ತಾರೆ. ಕತ್ತಿಯನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ನೆಲಕ್ಕಿಡುತ್ತೇನೆ, ಅವರು ತೆಗೆದುಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ನೆಲಕ್ಕಿಟ್ಟು ಮಾರಿದ ಕತ್ತಿಗಳಿಂದಲೂ ಸಾಕಷ್ಟು ತಲೆ ಒಡೆದಿವೆ, ಆ ಮಾತು ಬೇರೆ. ಗೋಣಿಯ ಮೇಲೆ ಸಾಲಾಗಿ ಇಡುವಾಗ ಹಿಡಿಗಳೆಲ್ಲ ನನ್ನ ಕಡೆಗೇ ಇರುತ್ತವೆ. ಇದು ನಂಬಿಕೆಯಲ್ಲ, ಎಚ್ಚರಿಕೆ.

ನನ್ನ ಎಡಗಡೆ ಒಣಮೀನಿನವಳು ಕೂರುತ್ತಿದ್ದಳು. ಘಟ್ಟದ ಕೆಳಗಿನಿಂದ ಲಾರಿಯಲ್ಲಿ ಬರುವ ಬಂಗುಡೆ, ಸಿಗಡಿ, ಡಬ್ಬಿಯಲ್ಲಿ ಉಪ್ಪುನೀರಿಗೆ ಹಾಕಿದ ಮೀನು ಇವೆಲ್ಲ ಅವಳ ಸಾಮಾನು. ಅವಳಿಗೂ ನನಗೂ ವಾರಕ್ಕೊಂದು ಜಗಳ ಆಗಲೇಬೇಕು.

"ನಿನ್ನ ಮೀನ್ ನಾತಕ್ಕೆ ನನ್ನ ಗಿರಾಕಿ ಓಡೋಯ್ತಾವೆ ಕಣೆ."

"ನಿನ್ನ ಮಖ ನೋಡಿ ಓಡೋಯ್ತಾವೆ. ನನ್ನ ಮೀನ್ ಮೇಲ್ಯಾಕೆ ಹಾಕೀಯ?"

ಒಂದು ಸಲ ನನ್ನ ಗೋಣಿ ಅವಳ ಕಡೆಗೆ ಗೇಣು ಸರಿದಿತ್ತು ಅಂತ ಉಪ್ಪುನೀರು ತೆಗೆದು ನನ್ನ ಮುಖಕ್ಕೆ ಎರಚಿದಳು. ಕಣ್ಣು ಉರಿದುಹೋಯಿತು. ಕಾಣದೆ ಕೈಗೆ ಸಿಕ್ಕಿದ್ದನ್ನು ಎಳೆದೆ. ಸಿಕ್ಕಿದ್ದು ಅವಳ ಕಿವಿಯೋಲೆ. ಕಿವಿ ಹರಿದು ಎರಡಾಯಿತು. ಮುಂದಿನ ಸಂತೆಗೆ ಹರಿದ ಕಿವಿಗೆ ಅರಿಶಿನ ಮೆತ್ತಿಕೊಂಡು ಬಂದು ಅದೇ ಜಾಗದಲ್ಲಿ ಕೂತು, "ಎಲೆ ಅಡಿಕೆ ಐತೇನೆ?" ಎಂದು ಕೈ ಚಾಚಿದಳು. ನಮ್ಮದು ಆ ಥರದ ನಂಟು.

ಅವಳಿಗೆ ಒಬ್ಬಳೇ ಮಗಳು. ಬೆಳಗೋಡಿನ ಕಡೆ ಕೊಟ್ಟಿದ್ದಳು. ಗಂಡ ಗೂಡ್ಸ್ ಆಟೋ ಓಡಿಸುವವನು, ಕೈ ಬೀಸುವುದರಲ್ಲಿ ಧಾರಾಳಿ. ಆ ಹುಡುಗಿ ಒಂದು ಸಂತೆಗೆ ದವಡೆ ಊದಿಸಿಕೊಂಡು ಬಂದಿದ್ದಳು. ತಾಯಿ ನೋಡಿದಳು, ಕಾಗದದಲ್ಲಿ ಎರಡು ಬಂಗುಡೆ ಸುತ್ತಿ ಕೈಗಿಟ್ಟು ವಾಪಸ್ ಬಸ್ಸಿಗೆ ಹತ್ತಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿಟ್ಕಳ್ಳಿ ಇವಳ್ನ? ನಾನೇ ಆ ಬಾಡಿಗೆ ಗೂಡಲ್ಲಿ ಕಾಲು ಮಡಚ್ಕಂಡು ಮಲಗ್ತೀನಿ" ಎಂದಳು. ನಾನು ಎಲೆ ಅಡಿಕೆಯ ಚೀಲ ಅವಳ ಕಡೆ ನೂಕಿದೆ. ಅವಳು ಹೇಳಿದ್ದು ನಿಜವೇ ಆಗಿತ್ತು.

ಕೊರೋನಾ ಬಂತು, ಸಂತೆ ಮುಚ್ಚಿಸಿದರು. ಹೊಟ್ಟೆ ಮುಚ್ಚಿಸಲು ಆಗುತ್ತದೆಯೇ? ನಾವಿಬ್ಬರೂ ದೋಣಿಗಲ್ಲಿನ ಹತ್ತಿರ ಹೆದ್ದಾರಿಯ ಪಕ್ಕ ಹೋಗಿ ಕೂತೆವು. ಲಾರಿಗಳಿಗೆ ತಡೆಯಿರಲಿಲ್ಲ, ಡ್ರೈವರುಗಳು ಮೀನು ಕೊಳ್ಳುತ್ತಿದ್ದರು. ಒಂದು ದಿನ ಪೊಲೀಸ್ ಜೀಪು ಬಂತು. ಮಾತಿಲ್ಲ ಕತೆಯಿಲ್ಲ, ಲಾಠಿ. ನನಗೆ ಮೊಣಕಾಲಿಗೆ ಬಿತ್ತು, ಅವಳಿಗೆ ಬೆನ್ನಿಗೆ. ಬುಟ್ಟಿಯನ್ನು ಬೂಟಿನಲ್ಲಿ ಒದ್ದರು. ಸಿಗಡಿಯೆಲ್ಲ ಡಾಂಬರಿನ ಮೇಲೆ ಚೆಲ್ಲಿತು. ಅವಳು ಅದನ್ನು ಬಾಚಲು ರಸ್ತೆಗೆ ಇಳಿದೇ ಬಿಟ್ಟಳು. ಮೇಲಿನಿಂದ ಲಾರಿ ಬರುತ್ತಿತ್ತು. ಸೆರಗು ಹಿಡಿದು ಎಳೆದೆ, ಸೆರಗು ಹರಿಯಿತು, ಆಮೇಲೆ ಜಡೆ ಹಿಡಿದು ಎಳೆದೆ. ಲಾರಿ ಸಿಗಡಿಯ ಮೇಲೆ ಹಾದುಹೋಯಿತು. "ನನ್ ಮೀನ್ ಹೋಯ್ತಲ್ಲೆ ಮುಂಡೆ, ಯಾಕೆ ಎಳ್ದೆ?" ಎಂದು ನನಗೇ ಎರಡು ಬಾರಿಸಿದಳು.

ಆ ವಾರವೇ ಅವಳಿಗೆ ಜ್ವರ ಬಂತು. ಬಿಳಿ ಬಟ್ಟೆ ಸುತ್ತಿಕೊಂಡವರು ಬಂದು ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ತಿರುಗಿ ಬರಲಿಲ್ಲ. ಸುಟ್ಟದ್ದು ಎಲ್ಲಿ ಎಂದು ಮಗಳಿಗೆ ಫೋನಿನಲ್ಲಿ ಹೇಳಿದರಂತೆ. ಮಗಳು ಅಳುತ್ತಾ ಹೊರಟರೆ ಗಂಡ ಬಿಡಲಿಲ್ಲ. ರೋಗ ತರುತ್ತೀಯಾ ಎಂದು ಅವಳ ಕೈಯನ್ನು ಬಾಗಿಲ ಸಂದಿಗೆ ಕೊಟ್ಟು ಬಾಗಿಲು ಒದ್ದ. ಬಲಗೈಯ ಎರಡು ಬೆರಳು ಬಾಗಿ ಹೋದವು, ಈಗಲೂ ನೆಟ್ಟಗಾಗಿಲ್ಲ. ಬಸ್ಸು ಇರಲಿಲ್ಲ. ಅವಳು ಬೆಳಗೋಡಿನಿಂದ ನಡೆದೇ ಪೇಟೆಗೆ ಬಂದು ನನ್ನ ಬಾಗಿಲು ತಟ್ಟಿದಳು. ತಾಯಿಯ ಬಾಡಿಗೆ ಕೋಣೆಗೆ ಮಾಲೀಕ ಬೇರೆ ಬೀಗ ಹಾಕಿದ್ದ.

ಮಗ ನನ್ನನ್ನು ಹಿತ್ತಲಿಗೆ ಕರೆದು ಕೇಳಿದ: "ಅವನು ಹುಡಿಕ್ಕಂಡು ಬಂದ್ರೆ?"

"ಬರ್ಲಿ. ಕುಲುಮೆ ಹೊತ್ಕಂಡೇ ಐತಲ್ಲ."

ಹುಡುಗಿಗೆ ಬೇಕಾದದ್ದು ಒಂದೇ: ತಾಯಿ ಕೂರುತ್ತಿದ್ದ ಜಾಗ. ಮೀನು ಕೊಡುವ ಲಾರಿಯವರು ಗೊತ್ತು, ಗಿರಾಕಿ ಗೊತ್ತು. ಆ ಜಾಗ ಸಿಕ್ಕಿದರೆ ದುಡಿದು ತಿನ್ನುತ್ತಾಳೆ. ಸಿಗದಿದ್ದರೆ ಇವತ್ತಲ್ಲ ನಾಳೆ ಬೆಳಗೋಡಿಗೆ ಹೋಗುತ್ತಾಳೆ, ಅಲ್ಲಿ ಸಾಯುತ್ತಾಳೆ. ಅಷ್ಟೇ ಲೆಕ್ಕ.

ನಮ್ಮ ಸಂತೆಯಲ್ಲಿ ಒಂದು ರೂಢಿಯಿದೆ. ಕೂರುವವರು ಸತ್ತರೆ, ಮಹಾಲಯ ಅಮಾವಾಸ್ಯೆಗೆ ಆ ಜಾಗದಲ್ಲಿ ಎಡೆ ಇಡುವ ತನಕ ಅಲ್ಲಿ ಯಾರೂ ಕೂರುವುದಿಲ್ಲ, ಮಕ್ಕಳೂ ಕೂರುವುದಿಲ್ಲ. ಆದರೆ ಜಾಗವನ್ನು ಸುಮ್ಮನೆ ಬಿಡುವುದೂ ಇಲ್ಲ. ಪಕ್ಕದವರು ಸತ್ತವರ ಸಾಮಾನು ಒಂದು ಹಿಡಿ ತಂದು ತಮ್ಮ ಗೋಣಿಯ ಆ ಕಡೆಯ ಅಂಚಿಗೆ ಇಟ್ಟುಕೊಂಡು ಮಾರುತ್ತಾರೆ. ಗಿರಾಕಿಯ ಕಾಲಿಗೆ ಅಲ್ಲಿಗೆ ಬರುವುದು ಮರೆಯಬಾರದು ಅಂತ. ಹಾಗಾಗಿ ಸಂತೆ ಮತ್ತೆ ತೆರೆದಾಗ ನಾನು ಕತ್ತಿಯ ಪಕ್ಕ ಒಂದು ಹಿಡಿ ಸಿಗಡಿ ಇಟ್ಟೆ. ವೀಳ್ಯದೆಲೆಯವನು ಸತ್ತಿದ್ದ, ಅವನ ಪಕ್ಕದ ಬೆಲ್ಲದವನು ಒಂದು ಕಟ್ಟು ಎಲೆ ಇಟ್ಟಿದ್ದ. ಆ ಮಳೆಗಾಲ ನಮ್ಮ ಸಂತೆ ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿತ್ತು.

ತೆರೆದ ಮೊದಲ ದಿನವೇ ಹೊಡೆದಾಟ. ಎಲ್ಲರೂ ದೂರ ದೂರ ಕೂರಬೇಕು ಎಂದಿದ್ದರಿಂದ ಒಬ್ಬರ ಜಾಗಕ್ಕೆ ಇನ್ನೊಬ್ಬರು ನುಗ್ಗಿದ್ದರು. ಆಲೂರು ಕಡೆಯ ಶುಂಠಿಯವನಿಗೂ ಮೆಣಸಿನಕಾಯಿಯವನಿಗೂ ಹತ್ತಿತು. ಶುಂಠಿಯವನು ಓಡಿಬಂದು ನನ್ನ ಗೋಣಿಯಿಂದ ಕುಡುಗೋಲು ಕಿತ್ತುಕೊಂಡು ಹೋಗಿ ಮೆಣಸಿನಕಾಯಿಯವನ ಭುಜಕ್ಕೆ ಹಾಕಿದ. ಕೆಂಪು ಮೆಣಸಿನಕಾಯಿಯ ಮೇಲೆ ರಕ್ತ ಬಿದ್ದರೆ ಗೊತ್ತೇ ಆಗುವುದಿಲ್ಲ, ಒಣಗಿದ ಮೇಲೆ ಕಪ್ಪಾದಾಗ ಗೊತ್ತಾಗುತ್ತದೆ. ಪೊಲೀಸಿನವನು ಬಂದು ನನಗೆ ಬೆರಳು ತೋರಿಸಿದ: "ಅಜ್ಜಿ, ಇನ್ಮೇಲೆ ಕತ್ತಿ ಕಾಣಂಗೆ ಇಟ್ರೆ ಅವ್ನಿಗಿಂತ ಮುಂಚೆ ನಿನ್ನ ಒಳಗ್ ಹಾಕ್ತೀನಿ." ಅವತ್ತಿನಿಂದ ಕತ್ತಿಗಳು ಇನ್ನೊಂದು ಗೋಣಿಯ ಕೆಳಗೆ. ಗೊತ್ತಿದ್ದವರು ಕೇಳಿ ಕೊಳ್ಳುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಆ ಹಿಡಿ ಸಿಗಡಿ ಮಾತ್ರ.

ಅಂಥ ಹೊತ್ತಿನಲ್ಲಿ ಪುರಸಭೆಯ ಇಂಜಿನಿಯರು ಟೇಪು ಹಿಡಿದು ಬಂದ. ಮುಖಕ್ಕೆ ಮಾಸ್ಕು, ಅದರ ಮೇಲೆ ಕೈ. ನನ್ನ ಮುಂದೆ ನಿಂತು, "ಮೀನು" ಎಂದು ಹಿಂದಿನವನಿಗೆ ಕೂಗಿದ. ಪಕ್ಕದ ಖಾಲಿ ಜಾಗ ನೋಡಿ, "ಖಾಲಿ" ಎಂದು ಕೂಗಿದ.

"ಏನ್ ಸಾಮಿ ಅಳೀತಾ ಇರಾದು?"

"ಸಂತೇನ ಚೆನ್ನಾಗ್ ಮಾಡ್ತೀವಿ ಅಜ್ಜಿ" ಎಂದು ಮುಂದೆ ಹೋದ. ಚೆನ್ನಾಗಿ ಮಾಡುತ್ತೇನೆ ಎನ್ನುವವರನ್ನು ತಡೆದು ಏನು ಕೇಳುವುದು?

ಸ್ವಲ್ಪ ದಿನಕ್ಕೆ ಪುರಸಭೆಯಲ್ಲಿ ಸಭೆ ಕರೆದರು. ಬಾಗಿಲಿಗೆ ಬ್ಯಾನರು ಕಟ್ಟಿದ್ದರು, ಕೊರೋನಾದಿಂದ ಪೇಟೆಯ ಚೇತರಿಕೆ ಎಂದು. ಜ್ವರ ಬಿಟ್ಟವರು ಚೇತರಿಸಿಕೊಳ್ಳುತ್ತಾರೆ, ಪೇಟೆಯೂ ಚೇತರಿಸಿಕೊಳ್ಳುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಗೋಡೆಯ ಮೇಲೆ ಬಣ್ಣದ ನಕ್ಷೆ. ಮುಖ್ಯಾಧಿಕಾರಿ ಕೋಲು ಹಿಡಿದು ತೋರಿಸಿದರು. ಸಿಮೆಂಟಿನ ಕಟ್ಟೆ, ಮೇಲೆ ತಗಡು, ನಲ್ಲಿ ನೀರು, ಜನ ಮೈಗೆ ಮೈ ತಾಗದೆ ಓಡಾಡಲು ಅಗಲವಾದ ದಾರಿಗಳು. ಕೆಟ್ಟ ಮನುಷ್ಯರೇನಲ್ಲ. ಸರ್ಕಾರದಿಂದ ಮಂಜೂರು ಮಾಡಿಸಲು ಓಡಾಡಿ ಸೊರಗಿದ್ದು ಮುಖದಲ್ಲೇ ಕಾಣುತ್ತಿತ್ತು.

ವೀಳ್ಯದೆಲೆಯವನ ತಮ್ಮ ಎದ್ದು ನಿಂತ. "ಸಾರ್, ನಮ್ಮಣ್ಣನ ಜಾಗ ಎಲ್ಲೈತೆ ಇದ್ರಲ್ಲಿ?"

ಮುಖ್ಯಾಧಿಕಾರಿ ಕೋಲಿನಿಂದ ತೋರಿಸಿದರು. "ಇಲ್ಲಿ ದಾರಿ ಬರುತ್ತೆ. ಖಾಲಿ ಇದ್ದ ಜಾಗಗಳನ್ನೆಲ್ಲ ದಾರಿ ಮಾಡಿದ್ದೀವಿ. ಯಾರನ್ನೂ ಎಬ್ಬಿಸಿಲ್ಲ ನೋಡಿ."

ನಕ್ಷೆ ನೋಡಲು ಎಲ್ಲರೂ ಎದ್ದು ಮುಂದೆ ನುಗ್ಗಿದರು. ಸತ್ತವರ ಜಾಗಗಳೆಲ್ಲ ದಾರಿಯಾಗಿದ್ದವು.

"ಖಾಲಿ ಎಲ್ಲಿತ್ತೋ ಮಾರಾಯ? ಹಿಡಿದಿಟ್ಟಿದ್ವಿ ಕಣೋ ಅದನ್ನ!" ಎಂದು ಬೆಲ್ಲದವನು ಕಿರುಚಿದ. ಮೊದಲ ಕುರ್ಚಿ ಹಾರಿದ್ದು ಅವನ ಕಡೆಯಿಂದ. ಅದು ಒಬ್ಬ ಸದಸ್ಯರ ಬಾಯಿಗೆ ಬಿತ್ತು. ಅವರು ಅಂಗೈಗೆ ಹಲ್ಲು ಉಗುಳಿಕೊಂಡು ನೋಡುತ್ತಿದ್ದಾಗಲೇ ಅವರ ಕಡೆಯವರು ನುಗ್ಗಿದರು. ಬೆಂಚು, ನೀರಿನ ಜಗ್ಗು, ಗೋಡೆಯ ಗಡಿಯಾರ, ಕೈಗೆ ಸಿಕ್ಕಿದ್ದೆಲ್ಲ ಹಾರಾಡಿತು. ಎಲೆಯವನ ತಮ್ಮ ಒಬ್ಬನನ್ನು ಕೆಳಗೆ ಕೆಡವಿ ತಲೆಯನ್ನು ನೆಲಕ್ಕೆ ಕುಟ್ಟುತ್ತಿದ್ದ, ಯಾರನ್ನು ಎಂದು ಅವನಿಗೂ ಗೊತ್ತಿರಲಿಕ್ಕಿಲ್ಲ. ನನ್ನ ಮೊಣಕಾಲು ದೋಣಿಗಲ್ಲಿನಿಂದಲೇ ನೆಟ್ಟಗಿರಲಿಲ್ಲ, ಓಡಲಾಗದೆ ಮೇಜಿನ ಕೆಳಗೆ ನುಗ್ಗಿದೆ. ಮುಖ್ಯಾಧಿಕಾರಿಗಳು ಅಲ್ಲಿ ಮೊದಲೇ ಇದ್ದರು, ಹಣೆಯಿಂದ ರಕ್ತ ಸೋರುತ್ತಿತ್ತು.

ಸಿಕ್ಕಿದ್ದೇ ಸಮಯ ಎಂದು ಕೇಳಿದೆ. "ಸಾಮಿ, ನಿಮ್ಮ ನಕ್ಷೇಲಿ ನನ್ನ ಕತ್ತಿ ವ್ಯಾಪಾರಕ್ಕೆ ಜಾಗ ಎಲ್ಲೈತೆ?"

"ನೀವು ಮೀನಿನವರಲ್ವಾ? ಮೀನಿನ ಕಟ್ಟೆ ಹಾಕಿದ್ದೀವಲ್ಲ ನಿಮಗೆ."

ನಮ್ಮ ತಲೆಯ ಮೇಲೆ ಮೇಜು ಧಡಧಡ ಎನ್ನುತ್ತಿತ್ತು. ಆ ಸದ್ದಿನಲ್ಲೇ ಎಡೆಯ ವಿಷಯ, ಹಿಡಿ ಸಿಗಡಿಯ ವಿಷಯ, ಹುಡುಗಿಯ ವಿಷಯ ಎಲ್ಲ ಹೇಳಿದೆ. ಅವರು ಕರ್ಚೀಫು ಹಣೆಗೆ ಒತ್ತಿಕೊಂಡು ಕೇಳಿಸಿಕೊಂಡರು.

"ಇದನ್ನ ಮೊದಲೇ ಹೇಳಬಾರದಿತ್ತಾ ಅಜ್ಜಿ?"

"ನೀವು ಮೊದ್ಲೇ ಕೇಳಬಾರ್ದಿತ್ತಾ?"

ಅವರು ಹೇಳಿದರು: "ಮಂಜೂರಾಗಿ ಹೋಗಿದೆ. ಇನ್ನೊಂದು ಕಟ್ಟೆ ಸೇರಿಸಕ್ಕೆ ನನ್ನ ಕೈಲಿ ಆಗಲ್ಲ. ಮೀನಿನ ಕಟ್ಟೇಲಿ ಮೀನು ಮಾರೋರು ಯಾರು ಕೂತರೂ ನಾನು ಕೇಳಲ್ಲ. ಅಷ್ಟು ಮಾಡಬಲ್ಲೆ."

ಅಂದರೆ ಇಬ್ಬರು ಹೆಂಗಸರಿಗೆ ಒಂದು ಕಟ್ಟೆ. ನನಗೆ ಮಗನಿದ್ದಾನೆ, ಕುಲುಮೆಯಿದೆ. ಅವಳಿಗೆ ಇದ್ದದ್ದು ಎರಡು ಬಾಗಿದ ಬೆರಳು. ಕಟ್ಟೆ ಅವಳಿಗೆ ಎಂದು ಮನೆಯಲ್ಲಿ ಹೇಳಿದೆ.

"ನಾವೇನು ತಿನ್ನಾದವ್ವ?" ಎಂದ ಮಗ.

"ಕಬ್ಬಿಣ ತಿನ್ನು."

ಸುತ್ತಿಗೆಯನ್ನು ನನ್ನ ಕಾಲ ಬಳಿಗೆ ಎಸೆದು ಹೊರಗೆ ಹೋದ. ಸಂಜೆ ತಾನೇ ಬಂದು ತಿದಿ ಒತ್ತಿದ.

ಅಮಾವಾಸ್ಯೆಯ ದಿನ ನಾನೂ ಹುಡುಗಿಯೂ ಸಂತೆ ಮೈದಾನಕ್ಕೆ ಹೋದೆವು. ಅಗೆದು ಜಲ್ಲಿ ಸುರಿದಿದ್ದರು. ಅವಳ ತಾಯಿಯ ಜಾಗವನ್ನು ಅಂದಾಜಿನ ಮೇಲೆ ಹುಡುಕಿ ಜಲ್ಲಿಯ ಮೇಲೆ ಎಲೆ ಹಾಸಿ, ಹುರಿದ ಬಂಗುಡೆ, ಎಲೆ ಅಡಿಕೆ ಇಟ್ಟೆವು. ಕಾಗೆ ಬರುವುದಕ್ಕೆ ಮೊದಲು ನಾಯಿ ಬಂದು ತಿಂದಿತು. ಹುಡುಗಿ ಕಲ್ಲು ಎತ್ತಿದಳು. ನಾನು, "ಬಿಡು, ಹಸಿದವರು ಯಾರಾದ್ರೇನು" ಎಂದೆ.

ಕಟ್ಟೆಗಳು ಮುಗಿಯುವ ಹೊತ್ತಿಗೆ ತೋಟಗಳಲ್ಲಿ ಕಾಫಿ ಹಣ್ಣಾಗಿತ್ತು. ಶುರುವಾದ ದಿನ ಟೇಪು ಕತ್ತರಿಸಿದರು, ಲಡ್ಡು ಹಂಚಿದರು. ನೆಲವನ್ನು ಸಿಮೆಂಟಿನಲ್ಲಿ ಕನ್ನಡಿಯ ಹಾಗೆ ತಿಕ್ಕಿಸಿದ್ದರು. ಹುಡುಗಿ ಕಟ್ಟೆಯ ಮೇಲೆ ಮೀನು ಹರಡಿ ಕೂತಳು. ನಾನು ಕಟ್ಟೆಯ ಪಕ್ಕದ ದಾರಿಯಲ್ಲಿ, ಅವಳ ತಾಯಿ ಕೂರುತ್ತಿದ್ದ ಕಡೆ ನೆಲಕ್ಕೇ ಗೋಣಿ ಹಾಸಿ ಕತ್ತಿ ಜೋಡಿಸಿದೆ. ಎಷ್ಟು ದಿನ ಅಂತ ಮುಚ್ಚಿಡುವುದು?

ಪುರಸಭೆಯ ಕೆಲಸದವನು ಬಂದ. "ಏಳಜ್ಜಿ, ದಾರೀಲಿ ಕೂರಂಗಿಲ್ಲ."

"ಇದು ದಾರಿಯಲ್ಲ ಕಣೋ, ಮೀನಿನವಳ ಜಾಗ."

"ಯಾವ ಮೀನಿನವಳು? ಅಗೋ, ಕಟ್ಟೆ ಮೇಲೆ ಕೂತವ್ಳೆ ನೋಡು!" ಎಂದು ಗೋಣಿಯನ್ನು ಕಾಲಿನಲ್ಲಿ ತಳ್ಳಿದ. ಕತ್ತಿಗಳು ಝಣ್ ಎಂದು ಜಾರಿ ದಾರಿಯ ತುಂಬ ಹರಡಿದವು. ಹಿಡಿಗಳು ಅತ್ತ ಕೆಲವು, ಇತ್ತ ಕೆಲವು. ನಾನು ಅವನ ವಂಶವನ್ನೆಲ್ಲ ಬೈಯುತ್ತಾ ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದೆ. ಆಗಲೇ ಹುಡುಗಿಯ ಗಂಡ ಬಂದದ್ದು. ಹೆಂಡತಿ ಕಟ್ಟೆಯಲ್ಲಿ ಕೂತಿದ್ದಾಳೆ ಎಂದು ಯಾರೋ ಕಿವಿಗೆ ಊದಿದ್ದರು. ಕುಡಿದಿದ್ದ, ಆದರೆ ಕಾಲು ತಪ್ಪುವಷ್ಟಲ್ಲ.

"ಇಳಿಯೇ ಕೆಳಗೆ. ಮನೇಗ್ ನಡಿ."

"ಬರಲ್ಲ."

"ನಾಕ್ ಜನದ್ ಮುಂದೆ ನಾತ ಹೊಡ್ಕಂಡು ಕೂತ್ಕಳಕ್ಕಾ ನಿನ್ನ ಕಟ್ಕಂಡಿದ್ದು?"

"ನಿನ್ನ ಮನೇಲಿ ಇದಕ್ಕಿಂತ ನಾತ ಇತ್ತು."

ಅವಳು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವನು ಜಡೆಗೆ ಕೈ ಹಾಕಿ ಎಳೆದ. ಅವಳು ಕಟ್ಟೆಯಿಂದ ಉರುಳಿದಳು, ಹಣೆ ಸಿಮೆಂಟಿನ ಅಂಚಿಗೆ ಬಡಿದು ಸೀಳಿತು. ಉಪ್ಪುನೀರಿನ ಡಬ್ಬಿ ಮಗುಚಿ ನೆಲವೆಲ್ಲ ಒದ್ದೆಯಾಯಿತು. ಅವಳು ಎಡಗೈಯಲ್ಲಿ ಕಬ್ಬಿಣದ ಕಂಬ ಅಪ್ಪಿಕೊಂಡಳು. ಅವನು ಪಕ್ಕೆಗೆ ಒದ್ದ. ಬಿಡಲಿಲ್ಲ. ಮತ್ತೆ ಒದ್ದ. ಬಿಡಲಿಲ್ಲ. ಸುತ್ತ ಜನ ನಿಂತಿದ್ದರು, ಗಂಡ ಹೆಂಡಿರ ವಿಷಯ ಎಂದು ಬಾಯಿ ಮುಚ್ಚಿಕೊಂಡು. ಕಂಬ ಬಿಡಿಸಲು ಆಗದೆ ಅವನು ಅತ್ತಿತ್ತ ನೋಡಿದ. ಅವನ ಕಾಲ ಬಳಿಯೇ ನನ್ನದೊಂದು ಮರಗಸಿ ಕತ್ತಿ ಬಿದ್ದಿತ್ತು, ಹಿಡಿ ಅವನ ಕಡೆಗೆ. ಬಗ್ಗಿ ಎತ್ತಿಕೊಂಡ. ಅವಳ ಕೈಯನ್ನೇ ನೋಡುತ್ತಿದ್ದ.

ನಾನು ಹೊಡೆದದ್ದು ಆಗ. ಅವನ ತೋಳು ಮೇಲೆ ಏಳುತ್ತಿತ್ತು. ಮೊಣಕೈಯ ಕೆಳಗೆ, ಆಗಷ್ಟೇ ಎತ್ತಿಕೊಂಡಿದ್ದ ಕತ್ತಿಯನ್ನು ಬೆನ್ನು ಮಾಡಿ, ಎರಡೂ ಕೈಯಿಂದ. ತೋಟದ ಒಣಗಿದ ಸಿಲ್ವರ್ ಓಕ್ ಮರದ ಕೊಂಬೆ ಮುರಿದಂಥ ಸದ್ದು ಬಂತು. ಕತ್ತಿ ಬಿತ್ತು, ಅವನೂ ಉಪ್ಪುನೀರಿನಲ್ಲಿ ಜಾರಿ ಬಿದ್ದ. ಹುಡುಗಿ ಕಂಬ ಬಿಟ್ಟು ಎದ್ದಳು. ಹಣೆಯ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಆ ಬಾಗಿದ ಬೆರಳಿನ ಕೈಯಲ್ಲೇ ಉಪ್ಪುಮೀನು ಹಿಡಿಯಾಗಿ ಎತ್ತಿ, ಅವನ ಎದೆಯ ಮೇಲೆ ಮೊಣಕಾಲು ಊರಿ, ಕಿರುಚುತ್ತಿದ್ದ ಬಾಯಿಗೆ ತುರುಕಿದಳು. "ತಿನ್ನು. ತಿನ್ನು. ಇನ್ನೂ ಐತೆ, ತಿನ್ನು." ಉಸಿರು ಕಟ್ಟಿ ಅವನ ಮುಖ ನೀಲಿಯಾಗುತ್ತಿತ್ತು. ನಾನೇ ಅವಳ ಜಡೆ ಹಿಡಿದು ಎಳೆದೆ, ದೋಣಿಗಲ್ಲಿನಲ್ಲಿ ಅವಳ ತಾಯಿಯನ್ನು ಎಳೆದ ಹಾಗೆ. ಅವಳೂ ನನಗೆ ಒಂದು ಬಾರಿಸಿದಳು.

ಇನ್ಸ್‌ಪೆಕ್ಟರು ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. "ಯಾರು ಹೊಡೆದದ್ದು?"

ಬೆಲ್ಲದವನು ಹೇಳಿದ: "ಯಾರೂ ಹೊಡೀಲಿಲ್ಲ ಸಾರ್. ಜಾರಿ ಬಿದ್ದ."

"ಜಾರಿ ಬಿದ್ರೆ ಕೈ ಹಿಂಗೆ ಮುರಿಯುತ್ತಾ?"

"ನೆಲ ನೋಡಿ ಸಾರ್. ಪುರಸಭೆಯೋರು ಕನ್ನಡಿ ಹಂಗೆ ಮಾಡವ್ರೆ. ನಾನೇ ಬೆಳಿಗ್ಗೆ ಬೀಳ್ತಿದ್ದೆ." ಮೆಣಸಿನಕಾಯಿಯವನೂ ಅದನ್ನೇ ಹೇಳಿದ. ನನ್ನ ಗೋಣಿಗೆ ಒದ್ದ ಕೆಲಸದವನು ಕೂಡ ಕಣ್ಣು ಕೆಳಗೆ ಹಾಕಿ, "ಜಾರಿ ಬಿದ್ದದ್ದೇ ಸಾರ್" ಎಂದ. ಹುಡುಗಿಯನ್ನು ಒದೆಯುವಾಗ ಬಾಯಿ ಮುಚ್ಚಿ ನಿಂತಿದ್ದವರಿಗೆಲ್ಲ ಈಗ ಬಾಯಿ ಬಂದಿತ್ತು. ತಡವಾಗಿಯಾದರೂ ಬಂತಲ್ಲ.

ಇನ್ಸ್‌ಪೆಕ್ಟರು ಮುಖ್ಯಾಧಿಕಾರಿಯ ಕಡೆ ತಿರುಗಿದರು. ಟೇಪು ಕತ್ತರಿಸಿ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಅವರು ನನ್ನನ್ನು ನೋಡಿದರು, ಹುಡುಗಿಯ ಹಣೆ ನೋಡಿದರು. ತಮ್ಮ ಹಣೆಯ ಹಳೆಯ ಕಲೆಯನ್ನು ಒಮ್ಮೆ ಮುಟ್ಟಿಕೊಂಡರು. "ನೆಲ ನುಣುಪು ಜಾಸ್ತಿ ಆಗಿದೆ. ನಮ್ಮದೇ ತಪ್ಪು. ಒರಟು ಮಾಡಿಸ್ತೀನಿ."

"ಮತ್ತೆ ಈ ಕತ್ತಿಗಳು? ನಕ್ಷೇಲಿ ಕತ್ತಿಗೆ ಜಾಗ ಇದೆಯೇನ್ರೀ?"

ಅವರು ತಲೆ ತಗ್ಗಿಸಿದರು. "ಇಲ್ಲ."

"ಹಂಗಾದ್ರೆ ಇವತ್ತಿಂದ ಸಂತೆ ಒಳಗೆ ಈ ಅಜ್ಜಿ ಕಾಣಬಾರದು."

ನಾನು ಗೋಣಿ ಕಟ್ಟಿಕೊಂಡು ಹೊರಟೆ. ಹುಡುಗಿ ಹಣೆಗೆ ಬಟ್ಟೆ ಬಿಗಿದುಕೊಂಡು ಕಟ್ಟೆ ಹತ್ತಿ ಕೂತಳು. ಅವತ್ತು ಉಳಿದ ಮೀನೆಲ್ಲ ಮಾರಿಯೇ ಇಳಿದಳಂತೆ. ಗಂಡನ ತೋಳು ಸೊಟ್ಟಗೆ ಕೂಡಿಕೊಂಡಿದೆ, ಆಟೋ ಮಾರಿದನಂತೆ. ಆ ಕಡೆಗೆ ಮತ್ತೆ ಬಂದಿಲ್ಲ. ನಾನೀಗ ಮನೆಯ ಜಗಲಿಯಲ್ಲಿ ಮಾರುತ್ತೇನೆ. ವ್ಯಾಪಾರ ಅರ್ಧಕ್ಕೆ ಇಳಿದಿದೆ, ಮಗ ಗೊಣಗುತ್ತಾನೆ.

ಮೊನ್ನೆ ಉಪ್ಪು ಕೊಳ್ಳುವ ನೆಪದಲ್ಲಿ ಸಂತೆಗೆ ಹೋಗಿದ್ದೆ. ಮೀನಿನ ಕಟ್ಟೆಯ ಮುಂದೆ ಒಬ್ಬ ರೈಟರು ನಿಂತು ಕತ್ತಿಯೊಂದನ್ನು ಮೂಸುತ್ತಿದ್ದ. "ಇದೇನವ್ವ, ಕತ್ತಿ ಸಿಗಡಿ ನಾತ ಹೊಡೀತದೆ?"

"ಮರಕ್ಕೆ ಮೂಗಿಲ್ಲ ತಗಳ್ಳಿ" ಎಂದಳು ಹುಡುಗಿ.

ಹತ್ತಿರ ಹೋಗಿ ನೋಡಿದೆ. ಕಟ್ಟೆಯ ಅಂಚಿನಲ್ಲಿ, ದಾರಿಯ ಕಡೆಗೆ, ಸಿಗಡಿಯ ಪಕ್ಕ ನನ್ನ ಮಗ ಬಡಿದ ಕತ್ತಿಗಳು. ಇಬ್ಬರೂ ಸೇರಿ ನನಗೆ ಹೇಳದೆ ಮಾಡಿದ ಕೆಲಸ.

"ಏನೇ ಇದು?"

"ನಿಮ್ಮ ಜಾಗ ಹಿಡಿದಿದ್ದೀನಿ ದೊಡ್ಡಮ್ಮ."

"ಸತ್ತವರಿಗೆ ಮಾಡಾದನ್ನ ನಂಗೆ ಮಾಡೀಯಾ? ನಾನಿನ್ನೂ ಸತ್ತಿಲ್ಲ ಕಣೆ!"

"ಸಾಯಾಗಂಟ ಕಾಯಕ್ಕೆ ಆಯ್ತದಾ? ಅಷ್ಟರಲ್ಲಿ ಪುರಸಭೆಯೋರು ಬಂದು ಖಾಲಿ ಅಂದ್ಬುಡ್ತಾರೆ."

ಬೆನ್ನಿಗೆ ಒಂದು ಗುದ್ದಿದೆ. ಅವಳು ನಕ್ಕಳು, ಹಣೆಯ ಗಾಯದ ಗೆರೆ ಮೇಲಕ್ಕೆ ಎದ್ದಿತು. ರೈಟರು ಬೇರೊಂದು ಕತ್ತಿ ಕೇಳಿದ. ಅವಳು ಅದನ್ನು ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ಅಷ್ಟು ಕಲಿತಿದ್ದಳು. ಆದರೆ ಉಳಿದ ಕತ್ತಿಗಳ ಹಿಡಿಗಳು ದಾರಿಯಲ್ಲಿ ಹೋಗುವವರ ಕಡೆಗಿದ್ದವು. ಒಂದೊಂದನ್ನೂ ಅವಳ ಕೈಗೆ ಸಿಗುವ ಹಾಗೆ ತಿರುಗಿಸಿಟ್ಟು, ಉಪ್ಪು ತೆಗೆದುಕೊಂಡು ಮನೆಗೆ ಬಂದೆ.